ಮಾಹಿತಿ ಮಾಸ್ತರು

ಕುಮಟೆಯಲ್ಲೊಬ್ಬರು, ಹೊನ್ನಾವರದಲ್ಲೊಬ್ಬರು, ಭಟ್ಕಳದಲ್ಲಿ ಕಡಿಮೆಯೆಂದರೂ ಇಬ್ಬರು. ಮಾಹಿತಿ ಮಾಸ್ತರಿಲ್ಲದ ಊರು ಈ ಕರಾವಳಿಯಲ್ಲಿಲ್ಲ. ಶಾಲೆಯಿಂದ ನಿವೃತ್ತರಾದ ಮರುದಿನವೇ ಇವರು ಸರ್ಕಾರದ ತಪಾಸಣೆಗೆ ಹಾಜರಾಗಿರುತ್ತಾರೆ. ಹೆಗಲಲ್ಲಿ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಪುಕ್ಕಟೆ ಸಿಕ್ಕಿದ ಚೀಲ. ಅದರೊಳಗೆ ಅಂಟಿನ ಬಾಟಲಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರುಗಳು, ಅರ್ಜಿ ನಮೂನೆಯ ಝೆರಾಕ್ಸು, ಮೂಲೆ ಸವೆದ 2005ರ ಮಾಹಿತಿ ಹಕ್ಕು ಕಾಯ್ದೆ. ಆಷಾಢದ ಮಳೆಯಲ್ಲಿ ಮಾಸ್ತರು ತೊಯ್ದರೂ ಕಾಯ್ದೆ ತೊಯ್ಯುವುದಿಲ್ಲ; ಅದಕ್ಕೆ ಬೇರೆ ಪ್ಲಾಸ್ಟಿಕ್ ಕೊಟ್ಟೆ ಇದೆ.

ಇವರು ಮೆಟ್ಟಿಲು ಹತ್ತುವುದು ಕಂಡರೆ ಕಚೇರಿಯ ಅರ್ಧ ಜನರಿಗೆ ಚಾ ನೆನಪಾಗುತ್ತದೆ. ಟಪಾಲು ಗುಮಾಸ್ತ ಮಾತ್ರ ಸಿಕ್ಕಿಬೀಳುತ್ತಾನೆ.

“ಬಂದ್ರಾ ಮಾಸ್ತರ್ರೆ? ಇವತ್ತು ಯಾವ ರಸ್ತೆ?”

“ರಸ್ತೆ ಅಲ್ಲ, ಗಟಾರ.”

“ನಿಮಗೆಂತಕ್ಕೆ ಅದೆಲ್ಲ?”

ಮಾಸ್ತರು ಕಾದಿದ್ದದ್ದೇ ಈ ಪ್ರಶ್ನೆಗೆ. ಮಾಹಿತಿ ಯಾಕೆ ಬೇಕೆಂದು ಅರ್ಜಿದಾರ ಹೇಳಬೇಕಾಗಿಲ್ಲ ಎನ್ನುತ್ತದೆ ಸೆಕ್ಷನ್ 6(2). ಆ ಕಲಮನ್ನು ಅವರು ಕಣ್ಣುಮುಚ್ಚಿ ಒಪ್ಪಿಸುತ್ತಾರೆ. ಮನೆಯಲ್ಲಿ ಅದು ನಡೆಯುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬರುತ್ತೇನೆಂದವರು ರಾತ್ರಿ ಎಂಟಕ್ಕೆ ಬಂದದ್ದೇಕೆ ಎಂದು ಕೇಳುವ ಹೆಂಡತಿ ಮೂವತ್ತು ದಿನದ ಗಡುವು ಕೊಡುವವರಲ್ಲ, ಭಾಗಶಃ ಮಾಹಿತಿಗೆ ಒಪ್ಪುವವರೂ ಅಲ್ಲ.

ಮಾಸ್ತರರ ನಿಜವಾದ ಪ್ರತಿಭೆ ಬೆಳಗಿದ್ದು 2008ರ ನಂತರ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು ಸಾಮಾನ್ಯವಾಗಿ 150 ಪದ ಮೀರಬಾರದು ಎಂದು ರಾಜ್ಯ ಸರ್ಕಾರ ಆ ವರ್ಷ ನಿಯಮ ತಿದ್ದಿತು. ಬೇರೆಯವರು ಕಂಗಾಲಾದರು. ಬದುಕಿಡೀ ಕನ್ನಡ ವ್ಯಾಕರಣ ಕಲಿಸಿದ ಮಾಸ್ತರು ಹಿಗ್ಗಿದರು. ಅವರ ಅರ್ಜಿಯಲ್ಲಿ ‘ಗಟಾರಹೂಳೆತ್ತುವಕಾಮಗಾರಿಯಂದಾಜುಪಟ್ಟಿ’ ಎಂಬುದು ಒಂದೇ ಪದ. ಗುಮಾಸ್ತ ಪೆನ್ಸಿಲ್ ತುದಿಯಿಂದ ಒಂದೊಂದೇ ಎಣಿಸುತ್ತ ಬಂದವನು ಅಲ್ಲಿ ತಡವರಿಸಿದ.

“ಇದು ಐದಾರು ಶಬ್ದ ಅಲ್ದಾ ಮಾಸ್ತರ್ರೆ?”

“ಏಳನೇ ಕ್ಲಾಸಲ್ಲಿ ನಿನಗೆ ಸಮಾಸ ಕಲಿಸಿದ್ದು ಯಾರು?”

ಠಸ್ಸೆ ಬಿತ್ತು.

ಠಸ್ಸೆ ಬಿದ್ದ ಮೇಲೆ ಅರ್ಜಿಯ ತಿರುಗಾಟ ಶುರು. ಕೇಳಿದ್ದು ತಮ್ಮಲ್ಲಿಲ್ಲವಾದರೆ ಐದು ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು ಎನ್ನುತ್ತದೆ 6(3). ಹೆದ್ದಾರಿ 66ರ ಬದಿಯ ಗಟಾರವೆಂದರೆ ಕೇಳಬೇಕೇ! ಹೆದ್ದಾರಿಯವರು ಲೋಕೋಪಯೋಗಿಗೆ, ಅವರು ಪಂಚಾಯತಕ್ಕೆ, ಪಂಚಾಯತದವರು ಮತ್ತೆ ಹೆದ್ದಾರಿಯವರಿಗೆ. ಗಟಾರದ ಒಡೆಯ ಪತ್ತೆಯಾಗುವಷ್ಟರಲ್ಲಿ ಮಳೆಗಾಲ ಮುಗಿದು ಹೂಳು ಗಟ್ಟಿಯಾಗಿರುತ್ತದೆ. ಮಾಸ್ತರು ಎದೆಗುಂದುವುದಿಲ್ಲ. ಮೂವತ್ತು ದಿನ ದಾಟಿದರೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ತಡಮಾಡಿದ ಅಧಿಕಾರಿಗೆ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ ಹಾಕಬಹುದು. ಈ ಎರಡು ಅಂಕಿಗಳನ್ನು ಮಾಸ್ತರು ಬಸ್‌ಸ್ಟ್ಯಾಂಡಿನಲ್ಲಿ ಪರಿಚಯವಿಲ್ಲದವರಿಗೂ ಹೇಳುತ್ತಾರೆ.

ಬೆಳಿಗ್ಗೆ ಅರ್ಜಿ ಹಾಕಿ ಸಂಜೆ ಗುತ್ತಿಗೆದಾರನ ಮನೆಯಲ್ಲಿ ಚಾ ಕುಡಿದು ಹಿಂಪಡೆಯುವ ಇನ್ನೊಂದು ಜಾತಿಯವರೂ ಉಂಟು. ತಮ್ಮನ್ನು ಅವರ ಸಾಲಿಗೆ ಸೇರಿಸಿದರೆ ಮಾಸ್ತರು ಎರಡು ದಿನ ಮಾತು ಬಿಡುತ್ತಾರೆ.

ಸೋರಿಕೆಯೆಂದರೂ ಅವರಿಗೆ ಆಗದು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಲೋಕಾಯುಕ್ತ ವರದಿ ಸರ್ಕಾರದ ಕೈ ಸೇರುವ ಮೊದಲೇ ಟಿವಿಗಳಲ್ಲಿ ಬಂದಿತ್ತು. ಸಂತೋಷ್ ಹೆಗ್ಡೆಯವರು ಅದನ್ನು ಸಲ್ಲಿಸಿದ್ದು 27ಕ್ಕೆ, ಯಡಿಯೂರಪ್ಪ ರಾಜೀನಾಮೆ ಕೊಟ್ಟದ್ದು 31ಕ್ಕೆ. ಪಕ್ಕದ ಅಂಕೋಲೆಯ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಲಕ್ಷಗಟ್ಟಲೆ ಟನ್ ಅದಿರು ಮಾಯವಾಗಿ ಆಗಿನ್ನೂ ವರ್ಷವಾಗಿತ್ತಷ್ಟೆ, ಜನ ಟಿವಿ ಮುಂದಿನಿಂದ ಕದಲಲಿಲ್ಲ. ಮಾಸ್ತರು ಮಾತ್ರ, “ದೃಢೀಕೃತ ಪ್ರತಿ ಅಲ್ಲ ಅದು” ಎಂದು ಟಿವಿ ಆರಿಸಿದರು.

ನಗಬಹುದು. ಆದರೆ ಅವರು ಕೇಳುವುದರಲ್ಲಿ ಅರ್ಧಕ್ಕರ್ಧ ಕೇಳದೆಯೇ ಗೋಡೆಯ ಮೇಲಿರಬೇಕಾದದ್ದು. ಬಜೆಟ್ಟು, ಸಂಬಳ, ಸಬ್ಸಿಡಿ ಪಡೆದವರ ಪಟ್ಟಿ ಸೇರಿ ಹದಿನೇಳು ಬಗೆಯ ವಿವರಗಳನ್ನು 120 ದಿನದೊಳಗೆ ತಾವಾಗಿ ಪ್ರಕಟಿಸಬೇಕು ಎಂದು ಸೆಕ್ಷನ್ 4 ಹೇಳಿದ್ದು 2005ರಲ್ಲಿ. ಹಲವು ಗೋಡೆಗಳಲ್ಲಿ ಇವತ್ತಿಗೂ ಬ್ಯಾಂಕಿನ ಕ್ಯಾಲೆಂಡರೇ ತೂಗುತ್ತಿದೆ.

ಅವರನ್ನು ಗೇಲಿ ಮಾಡುವವರೇ ಕತ್ತಲಾದ ಮೇಲೆ ಅವರ ಜಗಲಿಗೆ ಬರುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ಕೊಡಬೇಕು. ಈ ಜಿಲ್ಲೆಯಲ್ಲಿ ಅಂಥ ಮನೆಗಳಿಗೆ ಲೆಕ್ಕವಿಲ್ಲ. ಅಜ್ಜ ಸೊಪ್ಪು ಕಡಿದು ದಂಡ ಕಟ್ಟಿದ ರಶೀದಿಯನ್ನು ಮನೆಯವರು ಮರ್ಯಾದೆಗಂಜಿ ಅಂದೇ ಹರಿದೆಸೆದಿರುತ್ತಾರೆ. ಅದರ ನಕಲು ಇಲಾಖೆಯ ಕಡತದಲ್ಲಾದರೂ ಇದ್ದೀತೇ ಎಂದು ಮೊಮ್ಮಗ ಹುಡುಕುತ್ತಾನೆ. ಅಜ್ಜನಿಗೆ ದಂಡ ಬಿದ್ದಿಲ್ಲವೆಂದು ತಿಳಿದು ಮೊಮ್ಮಗ ಮುಖ ಸಣ್ಣ ಮಾಡುವುದನ್ನು ಈ ಜಗಲಿಯಲ್ಲೇ ನೋಡಬೇಕು.

ಈಚೆಗೆ ಗುಮಾಸ್ತನಿಗೂ ಹೊಸ ಬಲ ಬಂದಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಮೊಟಕು ಮಾಡಿ, ವೈಯಕ್ತಿಕ ಮಾಹಿತಿಯನ್ನು ಸಾರಾಸಗಟಾಗಿ ವಿನಾಯಿತಿಯ ಪಟ್ಟಿಗೆ ಹಾಕಿದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2) ಉಳಿದಿದೆ, ಆದರೆ ಅದು ಗುಮಾಸ್ತನ ಬಾಯಲ್ಲಿ ಬರುವುದಿಲ್ಲ. ಗಟಾರದ ಬಿಲ್ಲು ಕೇಳಿದ್ದಕ್ಕೆ ‘ವೈಯಕ್ತಿಕ ಮಾಹಿತಿ, ನೀಡಲು ಬರುವುದಿಲ್ಲ’ ಎಂದು ಹಿಂಬರಹ ಬಂತು. ಮಾಸ್ತರು ಅದನ್ನು ಎರಡು ಸಲ ಓದಿ, ಚೀಲದಿಂದ ಇನ್ನೊಂದು ನಮೂನೆ ತೆಗೆದು ಬರೆದರು: ಸದರಿ ಗಟಾರವು ಯಾವ ವ್ಯಕ್ತಿಯದೆಂದು ತೋರಿಸುವ ದಾಖಲೆಯ ದೃಢೀಕೃತ ಪ್ರತಿಯನ್ನು ಒದಗಿಸುವುದು.