ಪೋಲರೈಸ್ ಆಗಿದೀನಿ, ಐದು ನಿಮಿಷ

ಮಂಡಿಗೆ ನೋವಿನೆಣ್ಣೆ ಹಚ್ಚಿಕೊಂಡು ಕಂಪ್ಯೂಟರ್ ಮುಂದೆ ಕೂರುವ ನಾನು ‘ಈವ್ ಆನ್‌ಲೈನ್’ ಆಟದಲ್ಲಿ ಒಂದು ಯುದ್ಧನೌಕೆಯ ಕಪ್ತಾನ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಶುರು ಮಾಡಿದ ಈ ಆಟವನ್ನು ನಡುವೆ ನಿಲ್ಲಿಸಿ ಎದ್ದು ಹೋಗುವಂತಿಲ್ಲ. ಸಾವಿರಾರು ಜನ ಒಂದೇ ಆಕಾಶದಲ್ಲಿರುತ್ತಾರೆ. ನಾನು ಗ್ಯಾಸ್ ಸಿಲಿಂಡರ್ ಬದಲಾಯಿಸಿ ಬರುವವರೆಗೆ ಶತ್ರು ಕಾಯುವುದಿಲ್ಲ. ದಿನಕ್ಕೊಂದು ಸಲ ಸರ್ವರ್ ಮಲಗುತ್ತದೆ. ಅವರ ಬೆಳಗಿನ 11 ಗಂಟೆ, ನಮ್ಮ ಸಂಜೆ ನಾಲ್ಕೂವರೆ. ಮನೆಯವರು ನನ್ನಿಂದ ಕೆಲಸ ಮಾಡಿಸಿಕೊಳ್ಳುವ ಮುಹೂರ್ತ ಅದೊಂದೇ. ಹಿಟ್ಟಿನ ಗಿರಣಿ ತಲುಪುವಷ್ಟರಲ್ಲಿ ಅದೂ ಮುಗಿದಿರುತ್ತದೆ.

ಈ ಆಟಕ್ಕೆ ವರ್ಮ್‌ಹೋಲ್, ಅಂದರೆ ಲೋಕದಿಂದ ಲೋಕಕ್ಕೆ ದಾಟಿಸುವ ಬಿಲ, ಬಂದದ್ದು 2009ರ ಮಾರ್ಚ್‌ನಲ್ಲಿ. ಸುಮಾರು 2,500 ಹೊಸ ನಕ್ಷತ್ರಲೋಕಗಳನ್ನು ಸೇರಿಸಿದರು. ಅವಕ್ಕೆ ಊರಿನ ಹೆಸರೂ ಇಲ್ಲ; ‘ಜೆ’ ಎಂಬ ಅಕ್ಷರ, ಮುಂದೆ ಆರು ಅಂಕಿ. ಬೇರೆ ಲೋಕಗಳಿಗಿರುವಂತೆ ಅಲ್ಲಿಗೆ ಗೇಟ್ ಇಲ್ಲ, ನಕ್ಷೆಯಲ್ಲಿ ದಾರಿಯಿಲ್ಲ; ಹೋಲ್ ಹುಡುಕಿಯೇ ಹೋಗಬೇಕು. ಪ್ರೋಬ್‌ಗಳನ್ನು ಹಾರಿಬಿಟ್ಟು, ಅವುಗಳ ವ್ಯಾಪ್ತಿ ಕುಗ್ಗಿಸುತ್ತ ಕುಗ್ಗಿಸುತ್ತ, ಸಿಗ್ನಲ್ ನೂರಕ್ಕೆ ನೂರಾಗುವ ತನಕ ತಡಕಾಡಬೇಕು. ಹಣೆಯ ಮೇಲಿರುವ ಕನ್ನಡಕ ಹುಡುಕಲು ಹೆಂಡತಿಯನ್ನು ಕೂಗುವವನು ಇದನ್ನು ಮಾಡುತ್ತಾನೆಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಬೇರೆ ಕಡೆಯಾದರೆ ಆ ಲೋಕದಲ್ಲಿ ಯಾರ್‍ಯಾರಿದ್ದಾರೆ ಎಂಬ ಪಟ್ಟಿ ಕಾಣುತ್ತದೆ. ಇಲ್ಲಿ ಬಾಯಿಬಿಟ್ಟವನ ಹೆಸರು ಮಾತ್ರ ಕಾಣುತ್ತದೆ. ಬಾಯಿ ಮುಚ್ಚಿಕೊಂಡಿದ್ದವನೇ ಬದುಕುವ ಜಾಗ. ಈ ಒಂದು ವಿದ್ಯೆ ಮಾತ್ರ ನನಗೆ ಮದುವೆಯಾದಾಗಿನಿಂದ ಕರಗತ.

ಒಮ್ಮೆ ಇದನ್ನೆಲ್ಲ ಹೆಂಡತಿಗೆ ತಿಳಿಸಿಕೊಡಲು ಕೂತೆ. 1935ರಲ್ಲಿ ಐನ್‌ಸ್ಟೈನ್, ರೋಸೆನ್ ಇಬ್ಬರೂ ಸೇರಿ ಇಂಥದೊಂದು ಸೇತುವೆಯ ಲೆಕ್ಕ ಬರೆದಿಟ್ಟಿದ್ದಾರೆ ಎಂದು ಪೀಠಿಕೆ ಹಾಕಿ, ಅಂದಿನ ಪೇಪರನ್ನು ಮಡಚಿ, ಈ ತುದಿ ಆ ತುದಿ ಹೇಗೆ ಕೂಡುತ್ತವೆ ನೋಡು ಎಂದು ತೋರಿಸಿದೆ.

“ಓದಿದ ಪೇಪರ್ ಮಡಚಿಡಿ ಅಂತ ಬಡಕೊಂಡಿದ್ದಾಯ್ತು. ಐನ್‌ಸ್ಟೈನೇ ಬರಬೇಕಾಯ್ತು ನೋಡಿ” ಎಂದು ಅದನ್ನೆತ್ತಿ ರದ್ದಿಯ ಮೇಲಿಟ್ಟಳು.

ಅಸಲಿಗೆ ಈ ಆಟದ ಹೋಲ್‌ಗೆ ಐನ್‌ಸ್ಟೈನ್ ಬೇಡ, ತಕ್ಕಡಿ ಬೇಕು. ಪ್ರತಿ ಹೋಲ್‌ಗೂ ಆಯಸ್ಸಿದೆ. ಹೆಚ್ಚಿನವು ಒಂದು ದಿನದೊಳಗೆ ಸಾಯುತ್ತವೆ. ಜೊತೆಗೆ ತೂಕದ ಮಿತಿ. ಎಷ್ಟೋ ಹೋಲ್‌ಗಳು ಒಟ್ಟು 200 ಕೋಟಿ ಕೆಜಿ ದಾಟಿಸಿದರೆ ಕುಸಿಯುತ್ತವೆ. ಆ ಅಂಕಿಯೂ ಖಾತ್ರಿಯಲ್ಲ, ಶೇ. 10ರಷ್ಟು ಆಚೀಚೆ. ಅರ್ಧ ತೂಕ ದಾಟಿದಾಗ ಹೋಲ್ ಕುಗ್ಗುತ್ತದೆ, ಹತ್ತನೇ ಒಂದು ಪಾಲು ಉಳಿದಾಗ ನಡುಗತೊಡಗುತ್ತದೆ. ಒಳಗೆ ಬಿಡಾರ ಹೂಡಿದ ನಮ್ಮಂಥವರು ಕಳ್ಳರು ನುಗ್ಗದಿರಲೆಂದು ಅದನ್ನು ಬೇಕೆಂದೇ ಮುಚ್ಚುವುದುಂಟು: ದೊಡ್ಡ ನೌಕೆಯನ್ನು ಆಚೆ ಈಚೆ ಓಡಾಡಿಸಿ ತೂಕ ತುಂಬಿಸುವುದು. ಇದಕ್ಕೆ ‘ರೋಲಿಂಗ್’ ಎನ್ನುತ್ತಾರೆ. ನನ್ನ ನೌಕೆ ಸುಮಾರು 10 ಕೋಟಿ ಕೆಜಿ; ವೇಗ ಹೆಚ್ಚಿಸುವ ಮೈಕ್ರೋವಾರ್ಪ್ ಡ್ರೈವ್ ಹಾಕಿದರೆ ಮೇಲೆ ಇನ್ನೈದು ಕೋಟಿ. ಹೋಗಿ ಬಂದ ಮೇಲೆ ಅದೇ ಹೋಲ್ ಮತ್ತೆ ದಾಟಬೇಕಾದರೆ ಐದು ನಿಮಿಷದಷ್ಟು ಕಾಯಬೇಕು. ಅದಕ್ಕೆ ‘ಪೋಲರೈಸ್’ ಆಗುವುದು ಎಂದು ಹೆಸರು.

ಅಂದು ರಾತ್ರಿ ತಟ್ಟೆ ಹಾಕಿಯಾಗಿತ್ತು. “ಪೋಲರೈಸ್ ಆಗಿದೀನಿ, ಐದು ನಿಮಿಷ” ಎಂದೆ. ಜೀವಮಾನದಲ್ಲಿ ನಾನು ಹೇಳಿದ ಐದು ನಿಮಿಷಗಳಲ್ಲಿ ನಿಜವಾಗಿಯೂ ಐದೇ ನಿಮಿಷ ಇದ್ದದ್ದು ಇದೊಂದು. ಯಾರೂ ನಂಬಲಿಲ್ಲ. ಸಾರು ಆರುತ್ತಿದೆ ಎಂದು ಹೆಂಡತಿಯೇ ಎದ್ದು ಬಂದು ಹಿಂದೆ ನಿಂತಳು. ತೆರೆಯಲ್ಲಿ ಹೋಲ್ ಗಡಗಡ ನಡುಗುತ್ತಿತ್ತು.

“ಇದು ಮುಚ್ಚುವಾಗ ನೀವು ಎಲ್ಲಿರಬೇಕು?”

“ಒಳಗೆ.”

“ಮತ್ತೆ ಹೋಗುವಾಗ ಹಗುರ, ಬರುವಾಗ ಭಾರ ಇರಬೇಕಲ್ವಾ? ಸಂತೆಗೆ ಖಾಲಿ ಚೀಲ ತಗೊಂಡು ಹೋಗಿ ತುಂಬಿಸಿಕೊಂಡು ಬರಲ್ವಾ, ಹಾಗೆ.”

ಐನ್‌ಸ್ಟೈನ್ ಓದಿದವನಿಗೆ ಸಂತೆಯ ಪಾಠ! ಡ್ರೈವ್ ಆನ್ ಮಾಡಿ 15 ಕೋಟಿ ಕೆಜಿಯ ಗತ್ತಿನಲ್ಲಿ ಆಚೆ ಜಿಗಿದೆ. ಬೆನ್ನ ಹಿಂದೆ ಹೋಲ್ ಮುಚ್ಚಿತು. ನಮ್ಮ ಲೋಕದಿಂದ ಹೊಸ ಹೋಲ್ ಇನ್ನೆಲ್ಲೋ ಹುಟ್ಟುತ್ತದೆ ನಿಜ. ಹುಟ್ಟಿದ್ದು ನಾನಿದ್ದ ಜಾಗದಿಂದ ಮೂವತ್ತು ಚಿಲ್ಲರೆ ಗೇಟ್ ಆಚೆಗೆ.

ಮೈಕ್ ತೆರೆದೇ ಇತ್ತು. ನಮ್ಮ ತಂಡದ ಪೋಲೆಂಡಿನ ಹಿರಿಯನೊಬ್ಬ, ಆ ಹೆಂಗಸು ಏನೆಂದಳು ಎಂದು ಕೇಳಿದ. ತರ್ಜುಮೆ ಮಾಡಿ ಹೇಳಿದೆ, ಸಂತೆಯನ್ನೂ ಬಿಡದೆ. ಆ ಕಡೆ ತುಸು ಹೊತ್ತು ಸದ್ದಿಲ್ಲ. ಆಮೇಲೆ, ಇನ್ನು ಮುಂದೆ ಹೋಲ್ ಮುಚ್ಚುವ ಕೆಲಸ ಅವರಿಗೇ ವಹಿಸೋಣ, ಒಪ್ಪುತ್ತಾರಾ ಕೇಳು ಎಂದ.

ಕೇಳಿದೆ.

“ಸಂಬಳ ಎಷ್ಟಂತೆ?”

“ಐಎಸ್‌ಕೆ ಅಂತ ಆಟದ ದುಡ್ಡು ಕೊಡ್ತಾರೆ. ಕೋಟಿಗಟ್ಟಲೆ.”

“ಕಿರಾಣಿ ಅಂಗಡಿಲಿ ನಡೆಯುತ್ತಾ?”

“ಇಲ್ಲ.”

“ಹಾಗಾದ್ರೆ ಆ ಕೆಲಸಕ್ಕೆ ನೀವೇ ಸರಿ” ಎಂದು ನನ್ನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಮಲಗಲು ಹೋದಳು.