ಫಿಟ್ಟರ್ ಆಗಲು ಹತ್ತು ಬೆರಳು ಬೇಕಿಲ್ಲ

ಮಧುವನಹಳ್ಳಿಯಲ್ಲಿ ಬೆಳಗ್ಗೆ ಬಸ್ಸು ಹತ್ತಿ ಐಟಿಐಗೆ ಹೋಗುವ ತಮ್ಮಂದಿರೇ, ಮೊದಲು ನಿಮ್ಮ ಕಾಲು ನೋಡಿಕೊಳ್ಳಿ. ಹವಾಯಿ ಚಪ್ಪಲಿ ತಾನೆ? ಸರಿಯಾಗಿದೆ. ಸೇಫ್ಟಿ ಶೂ ಭಾರ, ಮೇಲೆ ಬೆವರು. ತಪಾಸಣೆಯವರು ಬರುವ ದಿನಕ್ಕೆ ಎತ್ತಿಡಿ. ಅಂಗಿಯ ತೋಳು ಸಡಿಲ ಬಿಡಿ. ಹೆಗಲ ಮೇಲೊಂದು ಟವೆಲ್ ಇರಲಿ, ಅದರ ತುದಿ ಲೇತಿನ ಕಡೆಗೇ ಇಳಿದಿರಲಿ. ಮಾದಪ್ಪನ ಬೆಟ್ಟದಲ್ಲಿ ಕಟ್ಟಿಸಿಕೊಂಡು ಬಂದ ಕೈದಾರ ಬಿಚ್ಚಲೇಬೇಡಿ. ಕಾಯುವುದು ಮಾದಪ್ಪನ ಕೆಲಸ. ಮೆಷೀನಿಗೆ ಗಾರ್ಡ್ ಹಾಕಿ ಅವನಲ್ಲಿ ಅಪನಂಬಿಕೆ ತೋರಿಸಬೇಡಿ.

ಕೈಗವಸಿನ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಚೂಪು ಅಂಚಿನ ತಗಡು ಎತ್ತುವಾಗ ಬರಿಗೈ ಸಾಕು. ದಪ್ಪ ಕೈಗವಸನ್ನು ತಿರುಗುವ ಡ್ರಿಲ್ಲಿಗೆಂದೇ ಮೀಸಲಿಡಿ: ಬಿಟ್ಟಿಗೆ ಅದರ ಒಂದು ಎಳೆ ಸಿಕ್ಕರೂ ಸಾಕು, ಬೆರಳನ್ನೂ ಜತೆಗೆ ಸುತ್ತಿಕೊಳ್ಳುತ್ತದೆ. ತಗಡನ್ನು ವೈಸಿಗೆ ಬಿಗಿಯಬೇಡಿ, ಎಡಗೈಯಲ್ಲಿ ಒತ್ತಿ ಹಿಡಿಯಿರಿ. ಲೇತಿನಲ್ಲಿ ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಿ; ಅದು ಎಲ್ಲಿ ಹೋಗಿ ಬಿತ್ತೆಂದು ಎದುರಿಗೆ ನಿಂತವರು ಹೇಳುತ್ತಾರೆ.

ಗ್ರೈಂಡಿಂಗ್ ಕಲ್ಲು ಕೂರಿಸುವ ಮುಂಚೆ ಹಳಬರು ಅದನ್ನು ಮರದ ಹಿಡಿಯಿಂದ ತಟ್ಟಿ ಕಿವಿಗೊಡುತ್ತಾರೆ. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಬಿರುಕು. ನೀವು ಮೊಬೈಲಿನಲ್ಲಿ ಹಾಡು ಹಾಕಿಕೊಳ್ಳಿ. ಕಣ್ಣಿನ ರಕ್ಷಣೆಗೆಂದೇ 1948ರ ಕಾರ್ಖಾನೆ ಕಾಯ್ದೆಯಲ್ಲೇ 35ನೇ ಕಲಮು ಬರೆದಿಟ್ಟಿದ್ದರಲ್ಲ, ಮತ್ತೆ ಕನ್ನಡಕ ಯಾಕೆ? ಅದು ಮೊಳೆಗೆ ನೇತಾಡಿಕೊಂಡಿರಲಿ. ಆಯುಧಪೂಜೆಯ ದಿನ ಇಳಿಸಿ, ಎರಡೂ ಗಾಜಿಗೆ ಕುಂಕುಮವಿಟ್ಟು, ಮತ್ತೆ ಅಲ್ಲೇ ನೇತುಹಾಕಿ. ಬೆಂಕಿ ಆರಿಸುವ ಮರಳಿನ ಕೆಂಪು ಬಕೆಟ್ಟಿನಲ್ಲಿ ಮರಳು ಕಾಣದಷ್ಟು ಬೀಡಿ ತುಂಡು, ಎಲೆಯಡಿಕೆ ಉಗುಳು ತುಂಬಿರಬೇಕು. ಹಾಗಿದ್ದರೆ ವರ್ಕ್‌ಶಾಪ್ ಬಳಕೆಯಲ್ಲಿದೆ ಎಂದು ಅರ್ಥ.

ಇನ್ನು ಗುಣಮಟ್ಟ. ಇದಕ್ಕೆ ನಿಜವಾಗಿ ತಲೆ ಬೇಕು.

ಮೈಕ್ರೋಮೀಟರ್ ಒಂದು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ತೋರಿಸುತ್ತದೆ. ತುದಿಯ ರ‍್ಯಾಚೆಟ್ ಹಿಡಿದು ತಿರುಗಿಸಿದರೆ ಅದು ಟಿಕ್ ಟಿಕ್ ಎಂದು ನಿಜ ಹೇಳಿಬಿಡುತ್ತದೆ. ಅದರ ತಂಟೆಗೆ ಹೋಗಬೇಡಿ. ತಿಂಬಲನ್ನೇ ಹಿಡಿದು, ಬೇಕಾದ ಅಳತೆ ಬರುವ ತನಕ ಬಿಗಿಯಿರಿ. ವರ್ನಿಯರಿನ ಮೂತಿಯಲ್ಲಿ ಗೆರೆ ಗೀಚಿ, ಬಿಡುವಿದ್ದಾಗ ಅದರಲ್ಲೇ ಮೊಳೆ ಬಡಿಯಿರಿ. ಮೂತಿ ಸವೆದ ವರ್ನಿಯರ್ ಬಲು ಉದಾರಿ.

ಪರೀಕ್ಷೆಯ ಜಾಬ್ ಗಂಡು-ಹೆಣ್ಣು ತುಂಡುಗಳ ಫಿಟ್ಟಿಂಗ್ ಎಂದುಕೊಳ್ಳೋಣ. ಕೂಡಿಸಿ ಕಿಟಕಿಗೆ ಹಿಡಿದಾಗ ನಡುವಿನಿಂದ ಬೆಳಕು ಇಣುಕುತ್ತಿದೆಯೇ? ಮತ್ತೆ ಅರ ಹಿಡಿಯಬೇಡಿ, ಕೈ ನೋಯುತ್ತದೆ. ಬೆಂಚಿನ ಮೇಲಿನ ಅರದ ಪುಡಿಯನ್ನು ಗ್ರೀಸಿನಲ್ಲಿ ಕಲಸಿ, ಹೆಬ್ಬೆರಳಲ್ಲಿ ಸಂದಿಗೆ ತುರುಕಿ. ಬಾಲ್‌ಪೀನ್ ಸುತ್ತಿಗೆಯಲ್ಲಿ ಅಂಚನ್ನು ಮೆಲ್ಲಗೆ ತಟ್ಟಿ, ಕಬ್ಬಿಣ ಹರಡಿ ಬಾಯಿ ಮುಚ್ಚಿಕೊಳ್ಳುತ್ತದೆ. ಎಮರಿ ಕಾಗದ ಉಜ್ಜಿ, ಎಣ್ಣೆ ಸವರಿ ಒಪ್ಪಿಸಿ. ಫೀಲರ್ ಗೇಜ್ ಹಾಕಿ ನೋಡುವ ಮೇಷ್ಟ್ರು ಬಂದರೆ ಅದು ನಿಮ್ಮ ಗ್ರಹಚಾರ, ಕಸುಬಿನ ದೋಷವಲ್ಲ.

ಕೊಳ್ಳೇಗಾಲದ ಸೀರೆ ಕೊಳ್ಳುವ ಅಜ್ಜಿಯರಿಂದ ಮಾತ್ರ ದೂರವಿರಿ. ಅವರು ಸೆರಗಿನಂಚಿನ ಎಳೆ ಕಿತ್ತು ಕಡ್ಡಿ ಗೀರುತ್ತಾರೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಇಂಥ ಗಿರಾಕಿಗಳು ಗ್ರಿಲ್ ಗೇಟ್ ಕೊಳ್ಳಲು ಹೊರಟರೆ ನಮ್ಮ ವೆಲ್ಡಿಂಗಿನ ಗತಿ ಏನು? ಟ್ಯಾಕ್ ಹೊಡೆದು ಬಿಟ್ಟ ಕಡೆಗೆಲ್ಲ ಎರಡು ಕೋಟು ಬಣ್ಣ ಬಳಿಯಿರಿ.

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಸಾಲಾಗಿ ನಿಂತು ಪ್ರತಿಜ್ಞೆ ಮಾಡಿ, ಫೋಟೋ ತೆಗೆಸಿಕೊಳ್ಳಿ, ಬ್ಯಾಡ್ಜನ್ನು ವಾಪಸು ಕೊಡಿ. ಆಮೇಲೆ ರಿಜಿಸ್ಟರ್ ತೆಗೆದು ‘ಅಪಘಾತ’ ಎಂಬ ಕಾಲಮಿನಲ್ಲಿ ‘ಇಲ್ಲ’ ಎಂದು ಬರೆಯಿರಿ. ಬಲಗೈಗೆ ಬ್ಯಾಂಡೇಜ್ ಇದ್ದರೆ ಎಡಗೈಯಲ್ಲಿ ಬರೆಯಿರಿ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ, ಕಾಲಂ ಖಾಲಿ ಬಿಡಬಾರದು.