ಕೋರಂ ಮತ್ತು ಕೋಡುಬಳೆ

ನಾನು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಯಾದದ್ದು ಕಾಫಿಯ ದೆಸೆಯಿಂದ. ಮೂರು ವರ್ಷದ ಹಿಂದಿನ ಮಾತು. ಬೀದಿಯ ಕೊನೆಯ ಮನೆಯ ತಾರಸಿ ಮೇಲೆ ವಾರ್ಷಿಕ ಸಭೆ. ಹಳೆಯ ಕಾರ್ಯದರ್ಶಿಗಳು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟು ನಿಂತಿದ್ದರು. ‘ಮುಂದೆ ಯಾರು?’ ಎಂಬ ಪ್ರಶ್ನೆ ಬಂದದ್ದೇ ತಡ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸಬಹುದಾದಷ್ಟು ಮೌನ ಕವಿಯಿತು. ಮೂರನೆಯ ಸೀಟಿಗೆ ನನಗೆ ತಡೆಯಲಾಗಲಿಲ್ಲ. “ಕಾಫಿ ಬಂತೇನೋ ನೋಡ್ಕೊಂಡು ಬರ್ತೀನಿ” ಎಂದು ಎದ್ದು ಕೆಳಗಿಳಿದೆ. ದರ್ಶಿನಿಯ ಹುಡುಗ ಫ್ಲಾಸ್ಕು ಇಳಿಸಿ ದುಡ್ಡಿಗೆ ಕಾಯುತ್ತಿದ್ದ. ಅವನ ಲೆಕ್ಕ ಮುಗಿಸಿ, ಫ್ಲಾಸ್ಕು ಹೊತ್ತು ಮೆಟ್ಟಿಲು ಹತ್ತುವಾಗ ಮೇಲಿಂದ ಚಪ್ಪಾಳೆ ಕೇಳಿಸಿತು. ಕಾಫಿಗೆ ಇಷ್ಟೊಂದು ಗೌರವವೇ ಎಂದುಕೊಂಡೆ. ನಾನಿಲ್ಲದ ಆರು ನಿಮಿಷದಲ್ಲಿ ಒಬ್ಬರು ನನ್ನ ಹೆಸರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿ, ಉಳಿದವರು ಅವಿರೋಧವಾಗಿ ಒಪ್ಪಿಯಾಗಿತ್ತು. ವಿರೋಧಿಸಬೇಕಾಗಿದ್ದ ಒಬ್ಬನೇ ಒಬ್ಬ ಕೆಳಗೆ ಚಿಲ್ಲರೆ ಎಣಿಸುತ್ತಿದ್ದ.

ಸುದ್ದಿ ಕೇಳಿ ಮನೆಯಾಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಬಚ್ಚಲುಮನೆ ನಲ್ಲಿಗೆ ಒಂದು ವಾಷರ್ ಹಾಕ್ಸಿ ಅಂತ ಯುಗಾದಿಯಿಂದ ಹೇಳ್ತಿದೀನಿ. ಇನ್ಮೇಲೆ ಬೀದಿ ನಲ್ಲೀನೆಲ್ಲಾ ನೀವೇ ನೋಡ್ಕೋತೀರಾ?” ಎಂದಳಷ್ಟೆ. ಆಗ ದಸರೆ ಮುಗಿದು ವಾರವಾಗಿತ್ತು.

ನಮ್ಮದು ಬೆಂಗಳೂರಿನ ಪಶ್ಚಿಮಕ್ಕೆ, ಹೊರವರ್ತುಲ ರಸ್ತೆಯಿಂದಾಚೆ ಅರವತ್ತನಾಲ್ಕು ಮನೆಗಳ ಪುಟ್ಟ ಬಡಾವಣೆ. ಮಲ್ಲೇಶ್ವರ, ಬಸವನಗುಡಿಯವರ ಹಾಗೆ ಹೇಳಿಕೊಳ್ಳುವಂಥ ವಂಶಾವಳಿ ನಮಗಿಲ್ಲ. ಅವು 1898ರ ಪ್ಲೇಗಿನ ಹೊಡೆತಕ್ಕೆ ಊರು ಹೊರಕ್ಕೆ ಚಾಚಿಕೊಂಡಾಗ ಗಾಳಿ ಬೆಳಕಿನ ಲೆಕ್ಕ ಹಾಕಿ ಬೆಳೆಸಿದವು. ನಮ್ಮದು ಯಾರದೋ ರಾಗಿ ಹೊಲಕ್ಕೆ ಸುಣ್ಣದ ಗೆರೆ ಎಳೆದು ಎಬ್ಬಿಸಿದ್ದು. ಈಗಲೂ ಮಳೆಗಾಲದಲ್ಲಿ ಮೂರನೇ ಅಡ್ಡರಸ್ತೆ ತನ್ನ ಪೂರ್ವಾಶ್ರಮ ನೆನೆದು ಗದ್ದೆಯಾಗಲು ನೋಡುತ್ತದೆ.

ಸಂಘಕ್ಕೆ ಮಾತ್ರ ಕಾನೂನಿನ ಬಲವಿದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಕಟ್ಟಲು ಕಡೇಪಕ್ಷ ಏಳು ಜನ ಬೇಕು. ಏಳೇ ಏಕೋ? ಸಪ್ತಸ್ವರ, ಸಪ್ತಪದಿ, ಸಪ್ತರ್ಷಿಗಳಿರುವ ನಾಡಿನಲ್ಲಿ ಕೇಳಬಾರದ ಪ್ರಶ್ನೆ. ನನ್ನ ಅನುಭವದಲ್ಲಿ ಏಳು ಜನ ಸೇರಿ ಏನನ್ನಾದರೂ ಕಟ್ಟಬಹುದು. ಎಂಟನೆಯವರು ಬಂದೊಡನೆ ತಿದ್ದುಪಡಿ ತರುತ್ತಾರೆ. ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಒಪ್ಪಿಸಬೇಕು. ಒಪ್ಪಿಸುವುದು ಸುಲಭ. ಸಭೆ ನಡೆಸುವುದು ಇದೆಯಲ್ಲ, ಅದು ಕಪ್ಪೆ ತೂಗಿದ ಹಾಗೆ.

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರಂತೆ. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಗೌಡರಿಗೆ ಒಂದು ಅನುಕೂಲವಿತ್ತು: ಊರಿನಲ್ಲಿ ಯಾರ ಹತ್ತಿರವೂ ವಾಟ್ಸಾಪ್ ಇರಲಿಲ್ಲ. ಸಂಘಕ್ಕೆ ಬರಬೇಕೆಂದರೆ ಮೈಯೇ ಬರಬೇಕಿತ್ತು. ನನ್ನ ಮೊದಲ ಸಭೆಯ ನೋಟಿಸಿಗೆ ನಲವತ್ತೊಂದು ಹೆಬ್ಬೆರಳು ಬಂದವು. ಭಾನುವಾರ ಹತ್ತೂವರೆಗೆ ತಾರಸಿಗೆ ಬಂದವರು ನಾನು, ಖಜಾಂಚಿ, ಮೂಲೆಮನೆ ಮೇಷ್ಟ್ರು, ಸತ್ಯನಾರಾಯಣ ಪೂಜೆಯೆಂದು ತಿಳಿದು ಪ್ರಸಾದಕ್ಕೆ ಬಂದ ಒಬ್ಬರು ಬಾಡಿಗೆದಾರರು, ಮತ್ತು ಬೀದಿ ನಾಯಿ. ಕಿವಿಯ ತುದಿ ಕತ್ತರಿಸಿಕೊಂಡು ಬಂದ, ಅಂದರೆ ಸಂತಾನಹರಣ ಚಿಕಿತ್ಸೆಯಾಗಿ ಪಾಲಿಕೆಯ ಲೆಕ್ಕಕ್ಕೆ ಸೇರಿದ ನಾಯಿ ಅದು. ಅರವತ್ತನಾಲ್ಕು ಮನೆಗಳಲ್ಲಿ ದಾಖಲೆ ಅಷ್ಟು ಪಕ್ಕಾ ಇರುವವರು ಬೇರೆ ಯಾರೂ ಇಲ್ಲ.

ಹಳೆಯ ಕಾಲದ ಹಳ್ಳಿಗಳಲ್ಲಿ ಹನ್ನೆರಡು ಜನ ಆಯಗಾರರಿದ್ದರು. ಲೆಕ್ಕಕ್ಕೆ ಶಾನುಭೋಗ, ಕೆರೆಯ ನೀರು ಹಂಚಲು ನೀರುಗಂಟಿ, ಕಾವಲಿಗೆ ತಳವಾರ, ಹೀಗೆ ಕೆಲಸಕ್ಕೊಬ್ಬರು. ಕಣದಲ್ಲಿ ರಾಶಿಯಾದಾಗ ಅವರವರ ಪಾಲಿನ ಕಾಳು ಅವರವರಿಗೆ. ಬಡಾವಣೆಯ ಕಾರ್ಯದರ್ಶಿಯೆಂದರೆ ಈ ಹನ್ನೆರಡೂ ಜನ ಒಂದೇ ಪಂಚೆ ಉಟ್ಟುಕೊಂಡ ಹಾಗೆ. ಬೀದಿದೀಪ ಹತ್ತದಿದ್ದರೆ ನಾನು, ಹಗಲಲ್ಲಿ ಉರಿದರೂ ನಾನು. ಯಾರದೋ ಮನೆಯ ಹಲಸಿನಕಾಯಿ ಯಾರದೋ ಕಾರಿನ ಮೇಲೆ ಬಿದ್ದರೆ ಕಾರಿನವರೂ ಹಲಸಿನವರೂ ನನ್ನ ಗೇಟು ಬಡಿಯುತ್ತಾರೆ. ಆಯಗಾರರಿಗೂ ನನಗೂ ಇರುವ ವ್ಯತ್ಯಾಸ ಕಾಳಿನದು.

ನಿಜವಾದ ನೀರುಗಂಟಿಯೊಬ್ಬರು ನಮಗಿದ್ದಾರೆ. ನಾವು ವಾಲ್ವ್‌ಮನ್ ಎನ್ನುತ್ತೇವೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಲ್ಲಿ ಎತ್ತರ ಹತ್ತಿಕೊಂಡು ಬೆಂಗಳೂರಿಗೆ ಬರುತ್ತದೆ. ಅಷ್ಟು ದೂರ ಬಂದದ್ದು ನಮ್ಮ ಬೀದಿಯ ಕೊನೆಯ ನೂರಡಿ ಹತ್ತಲು ಮುನಿಸಿಕೊಳ್ಳುತ್ತದೆ. ಆಗ ಈ ಪುಣ್ಯಾತ್ಮರು ಬೆಳಗಿನ ಐದಕ್ಕೆ ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಇಟ್ಟುಕೊಂಡು ಬರುತ್ತಾರೆ. ರಸ್ತೆಯ ನಡುವಿನ ಪುಟ್ಟ ಮುಚ್ಚಳ ಎತ್ತಿ, ಕೀಲಿ ಇಳಿಬಿಟ್ಟು, ಎರಡೂ ಕೈಯಲ್ಲಿ ಹಿಡಿ ಹಿಡಿದು ಬೀಸುಕಲ್ಲು ತಿರುಗಿಸಿದ ಹಾಗೆ ತಿರುಗಿಸುತ್ತಾರೆ. ಹದಿನೆಂಟು ಸುತ್ತು ಎಣಿಸಿ, ಬಗ್ಗಿ ಕೀಲಿಗೆ ಕಿವಿ ಹಚ್ಚುತ್ತಾರೆ. “ಬಂತು ಸಾರ್, ಕೇಳ್ರಿ.” ನಾನೂ ಕಿವಿ ಇಟ್ಟೆ. ತಣ್ಣನೆಯ ಕಬ್ಬಿಣದೊಳಗೆ ದೂರದಲ್ಲೆಲ್ಲೋ ಸುಯ್ ಎನ್ನುವ ಸದ್ದು. ಮೂರು ವರ್ಷದ ಕಾರ್ಯದರ್ಶಿತನದಲ್ಲಿ ನನಗೆ ಸಿಕ್ಕ ಸಂಗೀತ ಕಛೇರಿ ಅದೊಂದೇ. ಆ ದಿನ ಅವರೇ ಮನೆಯೊಳಕ್ಕೆ ಬಂದು ಎರಡು ನಿಮಿಷದಲ್ಲಿ ಬಚ್ಚಲುಮನೆಯ ವಾಷರನ್ನೂ ಹಾಕಿಕೊಟ್ಟರು. “ಇವರನ್ನೇ ಕಾರ್ಯದರ್ಶಿ ಮಾಡ್ಬೋದಿತ್ತಲ್ಲ” ಎಂದಳು ಮನೆಯಾಕೆ, ಅವರ ಮುಂದೆಯೇ.

ಕಸದ ಕಥೆ ಹೇಳಬಾರದೆಂದಿದ್ದೆ. ಶುರುವಾಗಿಬಿಟ್ಟಿದೆ, ಹೇಳಿಯೇಬಿಡುತ್ತೇನೆ. ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಡಯಾಪರಿನಂಥದು, ಚೀಲಕ್ಕೆ ಒಣಕಸ ಎಂಬ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು 2015ರಲ್ಲಿ ಹೈಕೋರ್ಟೇ ಬೆಂಗಳೂರಿಗೆ ವಿಧಿಸಿತು. ಅದನ್ನು ಮನೆಮನೆಗೆ ಹೋಗಿ ಉಪದೇಶಿಸಿದ್ದು ನಾನು; ಗಂಟಲು ಕಟ್ಟುವಷ್ಟು. ಮಾರನೆಯ ಬೆಳಿಗ್ಗೆ ಕಸದ ಆಟೋದ ಹೆಣ್ಣುಮಗಳು ನನ್ನ ಹಸಿರು ಬುಟ್ಟಿಯೊಳಗಿಂದ ಎರಡು ಬೆರಳಲ್ಲಿ ಒಂದು ಹಾಲಿನ ಕವರನ್ನು ಎತ್ತಿ, ಇಡೀ ಬೀದಿಗೆ ಕಾಣುವ ಹಾಗೆ ಹಿಡಿದು, “ಸಾರ್, ಇದು ಹಸೀನಾ?” ಎಂದಳು. ಎದುರು ಮನೆಯ ಮಹಡಿಯಲ್ಲಿ ಪೇಪರು ಓದುತ್ತಿದ್ದವರು ಪುಟ ತಿರುವುವುದನ್ನು ನಿಲ್ಲಿಸಿದರು. ‘ಒಳಗೆ ಇನ್ನೂ ಒಂದು ಹನಿ ಹಾಲಿದೆ, ಆದ್ದರಿಂದ ತಾಂತ್ರಿಕವಾಗಿ…’ ಎಂದೇನೋ ನನ್ನ ಬಾಯಿಂದ ಬಂತು. ಅಂದಿನಿಂದ ಉಪದೇಶ ಕೈಬಿಟ್ಟಿದ್ದೇನೆ.

ವಂತಿಗೆ ವಸೂಲಿ ಕೈಬಿಡುವಂತಿಲ್ಲ. ವರ್ಷಕ್ಕೆ 600 ರೂಪಾಯಿ. ತಿಂಗಳಿಗೆ ಐವತ್ತು, ಒಂದು ಎಳನೀರಿಗೆ ಸಾಲದ ದುಡ್ಡು. ಆದರೂ ನಾನು ರಸೀತಿ ಪುಸ್ತಕ ಹಿಡಿದು ಬೀದಿಗಿಳಿದೆನೆಂದರೆ ಕಾಗೆ ಕಂಡ ಕೋಳಿಮರಿಗಳಂತೆ ಜನ ಒಳಸರಿಯುತ್ತಾರೆ. “ಅವರು ಮನೇಲಿಲ್ಲ” ಎಂದು ಬಾಗಿಲಲ್ಲಿ ಹೇಳುತ್ತಿರುವಾಗಲೇ ಒಳಗಿಂದ ‘ಅವರು’ ಕೆಮ್ಮುತ್ತಾರೆ. ಎರಡನೇ ಅಡ್ಡರಸ್ತೆಯ ಅಜ್ಜಿ ಮಾತ್ರ ಅಪವಾದ. ಕೂರಿಸಿ, ಕಾಫಿ ಕೊಟ್ಟು, ಸಾಸಿವೆ ಡಬ್ಬಿಯಿಂದ ಮಡಿಸಿದ ನೋಟು ತೆಗೆದು ಕೊಡುತ್ತಾರೆ. ಈ ಸಲ ಕನ್ನಡಕ ಏರಿಸಿ ರಸೀತಿ ನೋಡಿ ಕೇಳಿದರು: “ನಂದು ಮೂರನೇ ನಂಬರು. ಒಂದನೇದು ನಿಂದೇ ತಾನೇನಪ್ಪಾ?”

ಕಾರ್ಬನ್ ಪ್ರತಿ ತಿರುವಿದೆ. ಒಂದು ಮೇಷ್ಟ್ರದು, ಎರಡು ಖಜಾಂಚಿಯದು. ಹೋದ ವರ್ಷದ ಪುಸ್ತಕವೂ ಚೀಲದಲ್ಲೇ ಇತ್ತು. ಅದರಲ್ಲೂ ನನ್ನ ಹೆಸರಿಲ್ಲ. ಊರಿಗೆಲ್ಲ ರಸೀತಿ ಹರಿದುಕೊಟ್ಟ ನಾನು ಎರಡು ವರ್ಷದ ಬಾಕಿದಾರ! ಅಜ್ಜಿ ಏನೂ ಅನ್ನಲಿಲ್ಲ. “ಇನ್ನೊಂದು ಲೋಟ ಕಾಫಿ ಕುಡೀತೀಯಾ?” ಎಂದರು. ಅಲ್ಲೇ ಕೂತು ನನ್ನ ಹೆಸರಿಗೆ 1200 ರೂಪಾಯಿಯ ರಸೀತಿ ಬರೆದು, ನಾನೇ ಸಹಿ ಹಾಕಿ, ನನಗೇ ಕೊಟ್ಟುಕೊಂಡು, ಅಭ್ಯಾಸಬಲದಿಂದ ‘ಧನ್ಯವಾದ’ ಎಂದುಬಿಟ್ಟೆ.

ಖರ್ಚಿನ ವಿಷಯದಲ್ಲಿ ನನ್ನದು ಇನ್ನೊಂದು ಸಾಧನೆಯುಂಟು. ಮೇಲಿಂದ ಮೇಲೆ ಬರೆಯುವ ಅರ್ಜಿಗಳಿಗೆಂದು ಪಾಲಿಕೆಯ ಆಯುಕ್ತರ ವಿಳಾಸ ಸಮೇತ ಐನೂರು ಹಾಳೆ ಅಚ್ಚು ಹಾಕಿಸಿದ್ದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಉಳಿದ ನಾನೂರು ಚಿಲ್ಲರೆ ಹಾಳೆಗಳ ಬೆನ್ನ ಮೇಲೆ ಈಗ ನಮ್ಮ ಮನೆಯ ದಿನಸಿ ಪಟ್ಟಿ ಬರೆಯಲಾಗುತ್ತಿದೆ. ‘ಮಾನ್ಯ ಆಯುಕ್ತರಿಗೆ’ ಎಂಬುದರ ಹಿಂದುಗಡೆ ತೊಗರಿಬೇಳೆ ಎರಡು ಕೇಜಿ.

ಹೀಗೆ ಮೂರು ವರ್ಷ ಕಳೆದು ನನ್ನ ಅವಧಿ ಮುಗಿಯಿತು. ಚುನಾವಣೆ ನಡೆಯಬೇಕಾದರೆ ಕೋರಂ ಬೇಕು. ಮೂರನೆಯ ಒಂದು ಭಾಗ, ಅಂದರೆ ಇಪ್ಪತ್ತೆರಡು ತಲೆ. ಖಜಾಂಚಿಗೆ ಉಪಾಯ ಹೊಳೆಯಿತು. ನೋಟಿಸಿನ ಕೊನೆಗೆ ಒಂದೇ ಸಾಲು ಸೇರಿಸಿದರು: ‘ಕೋಡುಬಳೆ ಮತ್ತು ಕಾಫಿಯ ವ್ಯವಸ್ಥೆ ಇದೆ.’ ಇಪ್ಪತ್ತಾರು ಜನ ಬಂದರು. ಕಾನೂನು ಎಂದೂ ತರಲಾರದ ಜನರನ್ನು ಕಡಲೆಹಿಟ್ಟು, ಅಕ್ಕಿಹಿಟ್ಟು, ಖಾರದಪುಡಿ ಸೇರಿ ತಂದವು. ಲೆಕ್ಕಪತ್ರ ಓದುವ ಮುಂಚೆಯೇ ನಾನು ತಟ್ಟೆ ಹಂಚಿದೆ. ಬಾಯಲ್ಲಿ ಕೋಡುಬಳೆಯಿದ್ದಾಗ ಆಕ್ಷೇಪಣೆ ಬರುವುದಿಲ್ಲ. ಕುರುಂ ಕುರುಂ ಸದ್ದಿನಲ್ಲೇ ಲೆಕ್ಕ ಪಾಸಾಯಿತು.

“ಮುಂದಿನ ಕಾರ್ಯದರ್ಶಿ?” ಎಂದೆ. ಕುರುಂ ನಿಂತಿತು.

ಅಷ್ಟರಲ್ಲಿ ಕೆಳಗಿಂದ, “ಸಾರ್, ಕಾಫಿ!” ಎಂಬ ಕೂಗು. ಇಪ್ಪತ್ತಾರು ಜನರಲ್ಲಿ ಒಬ್ಬರೂ ಅಲುಗಲಿಲ್ಲ. ನನ್ನ ಚರಿತ್ರೆ ಎಲ್ಲರಿಗೂ ಗೊತ್ತಿತ್ತು. ಕೋಡುಬಳೆಗೆ ಖಾರ ತುಸು ಮುಂದಾಗಿ ಕೆಲವರ ಕಣ್ಣಲ್ಲಿ ನೀರು, ಆದರೂ ಏಳರು. ಅರ್ಧ ಗಂಟೆಗೊಮ್ಮೆ ಎದ್ದುಹೋಗಲೇಬೇಕಾದ ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿ ಕಲ್ಲಾಗಿ ಕೂತರು. ಸುಮ್ಮನೆ ಕೂರಲಾಗದೆ ಜನ ಮಾತಾಡತೊಡಗಿದರು. ಬೀದಿದೀಪಕ್ಕೆ ಅಡ್ಡವಾದ ಹೊಂಗೆಯ ಕೊಂಬೆಯ ವ್ಯಾಜ್ಯ ನಾಲ್ಕು ವರ್ಷದ್ದು. ಎಷ್ಟು ಸವರಲು ಅನುಮತಿ ಕೇಳಬೇಕೆಂದು ಹತ್ತು ನಿಮಿಷದಲ್ಲಿ ರಾಜಿಯಾಯಿತು. ಹಲಸಿನವರೂ ಕಾರಿನವರೂ ಮೊದಲ ಸಲ ಪರಸ್ಪರ ಹೆಸರು ಕೇಳಿಕೊಂಡರು. ಬಾಡಿಗೆದಾರರೊಬ್ಬರಿಗೆ ವಿದ್ಯುತ್ ಕೆಲಸ ಬರುತ್ತದೆಂದು ತಿಳಿಯಿತು. ನಾನು ಮೂರು ವರ್ಷ ಗೇಟು ಗೇಟು ತಿರುಗಿ ಮಾಡಲಾಗದ್ದನ್ನು, ಏಳುವ ಭಯವೊಂದೇ ಮುಕ್ಕಾಲು ಗಂಟೆಯಲ್ಲಿ ಮಾಡಿಸಿತು.

“ಸಾರ್, ದುಡ್ಡು ಕೊಟ್ಬಿಡಿ, ಇನ್ನೊಂದು ಕಡೆ ಹೋಗ್ಬೇಕು.” ಹುಡುಗನ ದನಿ ಅಳುವಂತಾಗಿತ್ತು. ಎಲ್ಲರೂ ತಂತಮ್ಮ ತಟ್ಟೆ ನೋಡಿಕೊಂಡರು. ನಾನು ಎದ್ದೆ.

ಕೆಳಗೆ ನಿಧಾನವಾಗಿ ದುಡ್ಡು ಎಣಿಸಿದೆ. ಚಿಲ್ಲರೆ ಪಡೆದು ಮತ್ತೊಮ್ಮೆ ಎಣಿಸಿದೆ. ಮೇಲಿಂದ ಸದ್ದಿಲ್ಲ. ಬೇರೆ ಯಾರನ್ನೋ ಆರಿಸಿಬಿಟ್ಟರೇನೋ. ಒಳ್ಳೆಯದೇ ಆಯಿತು, ಬೆಳಗಿನ ಐದರ ನಿದ್ದೆ ನನ್ನದಾಯಿತು ಅಂದುಕೊಂಡೆ. ಆದರೆ ಫ್ಲಾಸ್ಕು ಯಾಕೋ ಭಾರವೆನಿಸಿತು. ಇನ್ನು ಆ ಕೀಲಿಗೆ ಕಿವಿ ಹಚ್ಚುವವರು ಯಾರು? ನಾಲ್ಕು ಮೆಟ್ಟಿಲು ಹತ್ತಿ ನಿಂತೆ. ಐದನೆಯದರ ಮೇಲೆ ಕಾಲಿಟ್ಟಾಗ ಚಪ್ಪಾಳೆ ಕೇಳಿಸಿತು. ಹೋದ ಸಲಕ್ಕಿಂತ ಜೋರಾಗಿ. ಅಲ್ಲೇ ಅರೆಗಳಿಗೆ ನಿಂತು, ಮುಖಕ್ಕೆ ಸಾಕಷ್ಟು ಬೇಸರ ಬರಿಸಿಕೊಂಡು, ಉಳಿದ ಮೆಟ್ಟಿಲು ಹತ್ತಿದೆ.